ಲಿನಕ್ಸ್ ಹಾಕಿಕೊಡುವ ಅಂಗಡಿ ಗಂಗಾವತಿಯಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಾನು ಗಂಗಾವತಿಯವನು, ವಯಸ್ಸು 27. ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಸರ್ವಿಸ್ ಕೆಲಸ ಮಾಡಿದೆ. ಅಪ್ಪನಿಗೆ ಆರಾಮಿಲ್ಲದ ಕಾರಣ ಊರಿಗೆ ಬಂದಿದ್ದೇನೆ. ಅಪ್ಪನದು ಗೊಬ್ಬರದ ಅಂಗಡಿ. ಐದು ವರ್ಷದಿಂದ ನಾನು ಬಳಸುವುದು, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾತ್ರ. ನಮ್ಮೂರಿನ ಅಂಗಡಿ, ಮನೆ, ಶಾಲೆಗಳಲ್ಲಿ ಹಳೆ ಸಿಸ್ಟಂಗಳು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ ಕಳ್ಳ ವಿಂಡೋಸ್ ಮೇಲೆ ಕುಂಟುತ್ತಿವೆ. ಇವಕ್ಕೆಲ್ಲ ಲಿನಕ್ಸ್ ಹಾಕಿ, ಕಲಿಸಿ, ನೋಡಿಕೊಳ್ಳುವ ವ್ಯವಹಾರ ಶುರು ಮಾಡಬೇಕೆಂದಿದ್ದೇನೆ. ಪುಕ್ಕಟೆ ಸಿಗುವುದಕ್ಕೆ ಜನ ದುಡ್ಡು ಕೊಡುತ್ತಾರೆಯೇ? ಕಾನೂನಿನ ತೊಡಕು ಇದೆಯೇ? ಕೈಯಲ್ಲಿ ಒಂದೂವರೆ ಲಕ್ಷವಿದೆ. ಸಾಲ ಮಾಡಿ ಅಂಗಡಿ ಹಿಡಿಯಲೇ?

ಉತ್ತರ: ದುಡ್ಡು ಕೊಡುತ್ತಾರೆ. ಆದರೆ ಯಾವುದಕ್ಕೆ ಕೊಡುತ್ತಾರೆ ಅನ್ನುವುದನ್ನು ಮೊದಲೇ ತಿಳಿದುಕೊಂಡರೆ ನಿಮ್ಮ ಎರಡು ವರ್ಷ ಉಳಿಯುತ್ತವೆ.

ಬಳ್ಳಾರಿಯಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಅದರಲ್ಲಿ ಒಂಬತ್ತು ವರ್ಷದಿಂದ ಲಿನಕ್ಸ್ ಹಾಕಿಕೊಡುತ್ತಿದ್ದೇನೆ. ಇಷ್ಟು ದಿನದಲ್ಲಿ "ಲಿನಕ್ಸ್ ಹಾಕಿಕೊಡಿ" ಎಂದು ಕೇಳಿಕೊಂಡು ಬಂದವರು ಇಂಜಿನಿಯರಿಂಗ್ ಹುಡುಗರು ಮಾತ್ರ, ಅವರು ತಾವೇ ಹಾಕಿಕೊಳ್ಳಬಲ್ಲರು. ಉಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಸಿಸ್ಟಂ ಭಾಳ ಸ್ಲೋ ಆಗೇತ್ರೀ, ಏನರ ಮಾಡ್ರಿ." ಅವರು ದುಡ್ಡು ಎಣಿಸಿದ್ದು ಆ ತೊಂದರೆ ಹೋಗಿದ್ದಕ್ಕೆ. ಮುಂದಿನ ವರ್ಷವೂ ಎಣಿಸಿದ್ದು, ಫೋನ್ ಮಾಡಿದಾಗ ನಾನು ಎತ್ತಿದ್ದಕ್ಕೆ, ಎತ್ತಿ ಹೋಗಿದ್ದಕ್ಕೆ. ಸಾಫ್ಟ್‌ವೇರ್ ಪುಕ್ಕಟೆಯೋ ಅಲ್ಲವೋ ಅನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಕ್ರ್ಯಾಕ್ ವಿಂಡೋಸ್ ಕೂಡ ಅವರ ಪಾಲಿಗೆ ಪುಕ್ಕಟೆಯೇ, ನೋಡಿ. ಹಾಗಾಗಿ "ಇದು ಫ್ರೀ ಸಾರ್" ಎಂದು ಮಾರಲು ಹೋಗಬೇಡಿ. ಆ ಮಾತು ನಿಮ್ಮ ದುಡಿಮೆಯ ಬೆಲೆಯನ್ನೇ ಇಳಿಸುತ್ತದೆ.

ಕಾನೂನಿನ ವಿಷಯ ಸರಳ. ಲಿನಕ್ಸಿನ ತಿರುಳಾದ ಕರ್ನಲ್ ಮತ್ತು ಅದರೊಂದಿಗೆ ಬರುವ ಬಹುಪಾಲು ಸಾಫ್ಟ್‌ವೇರ್ ಜಿಪಿಎಲ್‌ನಂಥ ಮುಕ್ತ ಪರವಾನಗಿಗಳ ಅಡಿಯಲ್ಲಿವೆ. ಪ್ರತಿ ಹಂಚುವುದಕ್ಕೆ, ಹಾಕಿಕೊಡುವುದಕ್ಕೆ, ಕಲಿಸುವುದಕ್ಕೆ, ದುರಸ್ತಿಗೆ ಹಣ ಪಡೆಯಲು ಅವು ಅಡ್ಡ ಬರುವುದಿಲ್ಲ. ಲಿನಕ್ಸ್ ಒದಗಿಸುವ ರೆಡ್ ಹ್ಯಾಟ್ ಕಂಪನಿ ಬೆಳೆದದ್ದೇ ಈ ಸೇವೆಯ ದುಡ್ಡಿನ ಮೇಲೆ. 2019ರಲ್ಲಿ ಐಬಿಎಂ ಅದನ್ನು ಕೊಂಡದ್ದು 34 ಬಿಲಿಯನ್ ಡಾಲರಿಗೆ. ನೀವು ಎಚ್ಚರವಿರಬೇಕಾದ್ದು ಹೆಸರಿನ ಬಗ್ಗೆ. ಲಿನಕ್ಸಿನ ಬೇರೆ ಬೇರೆ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್ ಮುಂತಾದವುಗಳ ಹೆಸರು, ಚಿಹ್ನೆಗಳ ಮೇಲೆ ಬೇರೆಯವರ ಹಕ್ಕಿದೆ. ಅವನ್ನು ಅಂಗಡಿಯ ಬೋರ್ಡಿನ ಹೆಸರಾಗಿ ಬರೆಸಬೇಡಿ. ಅಧಿಕೃತ ತಾಣದಿಂದ ಇಳಿಸಿಕೊಂಡದ್ದನ್ನು ಹಾಗೇ ಹಾಕಿ. ನಿಮ್ಮದೇ ಹೆಸರಿನ ಹೊಸ ಲಿನಕ್ಸ್ ಕಟ್ಟುವ ಆಸೆ ಈ ವಯಸ್ಸಿನಲ್ಲಿ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿ. ಪ್ರತಿ ವಾರ ಅದರ ಅಪ್‌ಡೇಟ್ ಹೊರುವ ಭಾರ ನಿಮ್ಮೊಬ್ಬರಿಗೇ ಬೀಳುತ್ತದೆ.

ಇನ್ನು ಕ್ರ್ಯಾಕ್. ನಿಮ್ಮ ನಿಜವಾದ ಪೈಪೋಟಿ ಇರುವುದು ಮುನ್ನೂರು ರೂಪಾಯಿಗೆ "ವಿಂಡೋಸ್ ಹೊಡೆದುಕೊಡುವ" ಪಕ್ಕದ ಅಂಗಡಿಯ ಜೊತೆ. ಗೊತ್ತಿದ್ದೂ ಕಳ್ಳ ಪ್ರತಿ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಇದನ್ನು ಹೇಳಿ ಗಿರಾಕಿಯನ್ನು ಹೆದರಿಸಬೇಡಿ. ಹೆದರಿದವನು ನಿಮ್ಮಿಂದಲೇ ದೂರ ಹೋಗುತ್ತಾನೆ. ಆದರೆ ನಿಮ್ಮ ಕೈಯಿಂದ ಮಾತ್ರ ಒಂದು ಕ್ರ್ಯಾಕೂ ಹೋಗಬಾರದು. ವಿಂಡೋಸೇ ಬೇಕೆಂದವರಿಗೆ ಅಸಲಿ ಲೈಸೆನ್ಸ್ ಕೊಳ್ಳಲು ಹೇಳಿ, ಹಾಕಿಕೊಡಿ, ಕೂಲಿ ತೆಗೆದುಕೊಳ್ಳಿ. "ಆ ಹುಡುಗ ಕಳ್ಳಮಾಲು ಹಾಕಂಗಿಲ್ಲ" ಎಂಬ ಹೆಸರು ಬರಲು ಒಂದು ವರ್ಷ ಬೇಕು. ಬಂದ ಮೇಲೆ ಲೆಕ್ಕಪರಿಶೋಧಕರು, ಶಾಲೆಯವರು, ಪತ್ತಿನ ಸಂಘದವರು ತಾವಾಗಿಯೇ ಬರುತ್ತಾರೆ.

ನೀವು ಬಂದ ಸಮಯವಂತೂ ಚೆನ್ನಾಗಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ಅಂದರೆ ಸುಮಾರು 2017ಕ್ಕಿಂತ ಮುಂಚಿನ ಯಂತ್ರಗಳು ಹೊರಗೆ. ನಮ್ಮ ಕಡೆಯ ಅಂಗಡಿಗಳಲ್ಲಿ ಕೂತಿರುವುದು ಹೆಚ್ಚಾಗಿ ಅಂಥವೇ. ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ, ರಾಯಚೂರು ಕಡೆಯವರಾದರೆ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ನಿಂದಲೋ ಸೆಕೆಂಡ್ ಹ್ಯಾಂಡ್ ತಂದ ಮೂರನೇ, ನಾಲ್ಕನೇ ಪೀಳಿಗೆಯ ಐ3, ಐ5 ಡೆಸ್ಕ್‌ಟಾಪ್‌ಗಳು. ಕಬ್ಬಿಣದಂಥ ಯಂತ್ರಗಳು, ಇನ್ನೂ ಐದು ವರ್ಷ ದುಡಿಯಬಲ್ಲವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಯಾರಿಗೆ ಹಾಕಬೇಕು, ಯಾರಿಗೆ ಹಾಕಬಾರದು. ಈ ವ್ಯವಹಾರ ನಿಲ್ಲುವುದೂ ಬೀಳುವುದೂ ಇಲ್ಲೇ.

ಗಿರಾಕಿಯ ಅಂಗಡಿಯಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕೂತು ನೋಡಿ. ಏನೇನು ಬಳಸುತ್ತೀರಿ ಎಂದು ಕೇಳಿದರೆ "ಏನಿಲ್ರೀ, ಬರೇ ಇಂಟರ್ನೆಟ್ಟು, ಎಕ್ಸೆಲ್ಲು" ಅನ್ನುತ್ತಾರೆ. ಕೂತು ನೋಡಿದರೆ ಹತ್ತು ಗಂಟೆಗೆ ಲೆಕ್ಕಪತ್ರದ ಟ್ಯಾಲಿ ತೆರೆಯುತ್ತಾರೆ, ಹನ್ನೊಂದಕ್ಕೆ ಬೆರಳಚ್ಚಿನ ಸಾಧನ ಹೊರಬರುತ್ತದೆ, ಹನ್ನೆರಡಕ್ಕೆ ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಕರಾರು ಪತ್ರವೊಂದನ್ನು ತಿದ್ದುತ್ತಾರೆ. ಈ ಮೂರೂ ಲಿನಕ್ಸ್‌ಗೆ ತೊಡಕಿನವು. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್ ಮೇಲೆ ಓಡಿಸುವ ವೈನ್ ಮೂಲಕ ನಡೆಸುವವರಿದ್ದಾರೆ, ಆದರೆ ಮಾರ್ಚ್ ಕೊನೆಗೆ ಅದು ನಿಂತರೆ ಗಿರಾಕಿಗೆ ನೀವು ಏನು ಉತ್ತರ ಕೊಡುತ್ತೀರಿ? ಗ್ರಾಮ ಒನ್‌ನಂಥ ಸೇವಾ ಕೇಂದ್ರಗಳ ಆಧಾರ್ ಬೆರಳಚ್ಚಿನ ಸಾಧನಗಳಿಗೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್ ಬರುವುದು ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೂ ಇದೇ ತಲೆನೋವು. ಫ್ಲೆಕ್ಸ್, ಲಗ್ನಪತ್ರಿಕೆ ಮಾಡುವ ಡಿಟಿಪಿಯವರ ಕೈ ಕೋರಲ್‌ಡ್ರಾ, ಪೇಜ್‌ಮೇಕರ್, ಫೋಟೊಶಾಪ್‌ಗೆ ಪಳಗಿದೆ. ಇವಕ್ಕೆ ಬದಲಾಗಿ ಲಿನಕ್ಸ್‌ನಲ್ಲಿ ಸಿಗುವ ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್ ಒಳ್ಳೆಯವೇ. ಆದರೆ ಲಗ್ನದ ಸೀಸನ್‌ನಲ್ಲಿ ಹೊಸದು ಕಲಿಯಿರಿ ಎಂದು ಅವರಿಗೆ ಹೇಳುವುದು ಅನ್ಯಾಯ.

ಇವರಿಗೆಲ್ಲ "ನಿಮ್ಮ ಕೆಲಸಕ್ಕೆ ಇದು ಹೊಂದುವುದಿಲ್ಲ" ಎಂದು ಮೊದಲ ದಿನವೇ ಹೇಳಿ. ನನ್ನ ಅನುಭವದಲ್ಲಿ ಹಾಗೆ ಹೇಳಿಸಿಕೊಂಡವರೇ ತಮ್ಮ ಮನೆಯ ಸಿಸ್ಟಂ ತಂದುಕೊಟ್ಟಿದ್ದಾರೆ, ಅಳಿಯನ ಅಂಗಡಿಗೆ ಕಳಿಸಿದ್ದಾರೆ.

ಹೊಂದುವವರು ಯಾರು? ಕೆಲಸವೆಲ್ಲ ಬ್ರೌಸರಿನೊಳಗೇ ಮುಗಿಯುವವರು. ಪಹಣಿ ತೆಗೆಯುವುದು, ಜಿಎಸ್‌ಟಿ ಪೋರ್ಟಲ್ ನೋಡುವುದು, ಬ್ಯಾಂಕಿನ ವ್ಯವಹಾರ, ವಾಟ್ಸಾಪ್ ವೆಬ್, ಮೇಲ್, ಸಿಇಟಿ ಅರ್ಜಿ ಇವೆಲ್ಲ ಫೈರ್‌ಫಾಕ್ಸ್ ಅಥವಾ ಕ್ರೋಮಿಯಂನಲ್ಲಿ ಆಗುತ್ತವೆ. ನಿವೃತ್ತ ಮೇಷ್ಟ್ರುಗಳ ಮನೆ, ಓದುವ ಮಕ್ಕಳಿರುವ ಮನೆ, ಕೋಚಿಂಗ್ ಸೆಂಟರ್, ಚಿಕ್ಕ ಆಸ್ಪತ್ರೆಯ ರಿಸೆಪ್ಷನ್, ಲಾಡ್ಜ್, ವಕೀಲರ ಆಫೀಸು. ಅಕ್ಕಿ ಗಿರಣಿಗಳಲ್ಲಿ ಲೆಕ್ಕದ ಸಿಸ್ಟಂ ಮುಟ್ಟಬೇಡಿ, ಗೇಟಿನ ಹತ್ತಿರ ಲಾರಿ ನಂಬರ್ ಬರೆದುಕೊಳ್ಳುವ ಸಿಸ್ಟಂ ಕೇಳಿ. ತೂಕದ ಯಂತ್ರಕ್ಕೆ ಜೋಡಿಸಿದ್ದಾದರೆ ಅದನ್ನೂ ಬಿಡಿ.

ಜೆರಾಕ್ಸ್ ಅಂಗಡಿಗಳದು ಬೇರೆಯೇ ಕಥೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ಇಪ್ಪತ್ತು ಗಿರಾಕಿಗಳಲ್ಲಿ ಎಂಟು ಮಂದಿ ಅವರೇ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ದಿನಕ್ಕೆ ಎಪ್ಪತ್ತು ಎಂಬತ್ತು ಪೆನ್‌ಡ್ರೈವ್ ಬರುತ್ತವೆ. ಅದರಲ್ಲಿ ಒಂದರಲ್ಲಿ ಶಾರ್ಟ್‌ಕಟ್ ವೈರಸ್ ಇದ್ದರೆ ಸಂಜೆಯೊಳಗೆ ಎಲ್ಲದಕ್ಕೂ ಹತ್ತುತ್ತದೆ. ಒಮ್ಮೆ ಒಬ್ಬ ಎಂಎ ವಿದ್ಯಾರ್ಥಿನಿ ಪ್ರಬಂಧದ ಪೆನ್‌ಡ್ರೈವ್ ಹಿಡಿದು ಅಳುತ್ತ ನಿಂತಿದ್ದಳು. ತೆರೆದರೆ ಎಲ್ಲ ಫೋಲ್ಡರೂ ಒಂದು ಕೆಬಿಯ ಶಾರ್ಟ್‌ಕಟ್ ಆಗಿದ್ದವು. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ವೈರಸ್ ಮಾಡಿದ್ದು ಇಷ್ಟೇ: ಹೆಸರೇ ಕಾಣದ ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದರೊಳಗೆ ತುಂಬಿ, ಅದಕ್ಕೆ ವಿಂಡೋಸ್ ಮರೆಮಾಡುವ ಗುರುತು ಹಚ್ಚಿತ್ತು. ಆ ಗುರುತನ್ನು ಲಿನಕ್ಸಿನ ಫೈಲ್ ಮ್ಯಾನೇಜರ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಫೋಲ್ಡರ್ ಕಣ್ಣೆದುರೇ ಇತ್ತು. ಐದೂ ಅಧ್ಯಾಯ ಹಾಗೇ ಇದ್ದವು. ಅಂಗಡಿಯ ಅಣ್ಣ ನಿಂತು ನೋಡುತ್ತಿದ್ದರು. "ಇದನ್ನ ನಮಗೂ ಹಾಕ್ರಿ" ಅಂದರು.

ನಾನು ಅವರ ಎರಡು ಸಿಸ್ಟಂಗಳಲ್ಲಿ ಒಂದಕ್ಕೆ ಮಾತ್ರ ಹಾಕಿದೆ. ಕೌಂಟರಿನ ಹತ್ತಿರದ್ದು ಲಿನಕ್ಸ್: ಹೊರಗಿನ ಪೆನ್‌ಡ್ರೈವ್ ಎಲ್ಲ ಅದಕ್ಕೇ, ಪಿಡಿಎಫ್ ಪ್ರಿಂಟ್ ಅದರಿಂದಲೇ. ಒಳಗಿನದು ಡಿಟಿಪಿಗೆ, ವಿಂಡೋಸ್ ಹಾಗೇ ಉಳಿಯಿತು. ಈ ಅರ್ಧ ಬದಲಾವಣೆ ನೀವೂ ಮಾಡಿ ನೋಡಿ. ಲಿನಕ್ಸ್‌ಗೆ ವೈರಸ್ಸೇ ಇಲ್ಲ ಎಂದು ಮಾತ್ರ ಹೇಳಬೇಡಿ, ಅದು ಸುಳ್ಳು. ವಿಂಡೋಸ್‌ಗೆಂದು ಬರೆದ ಆ ಪೆನ್‌ಡ್ರೈವ್ ವೈರಸ್‌ಗಳು ಅದರ ಮೇಲೆ ಓಡುವುದಿಲ್ಲ, ಅಷ್ಟೇ. ಓಟಿಪಿ ಕೇಳಿ ದುಡ್ಡು ಹೊಡೆಯುವವರಿಂದ ಯಾವ ಆಪರೇಟಿಂಗ್ ಸಿಸ್ಟಮ್ಮೂ ಕಾಪಾಡುವುದಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಿ.

ಪ್ರಿಂಟರ್ ವಿಷಯದಲ್ಲಿ ನಾನು ಒಂದು ಪೆಟ್ಟು ತಿಂದಿದ್ದೇನೆ. ಎಪಿಎಂಸಿ ಹತ್ತಿರದ ಒಂದು ದಲಾಲಿ ಅಂಗಡಿ. ಮೇಜಿನ ಮೇಲೆ ಪುಟ್ಟ ಕಪ್ಪುಬಿಳುಪು ಲೇಸರ್ ಪ್ರಿಂಟರ್. ಅರ್ಧ ದಿನ ಒದ್ದಾಡಿ ಡ್ರೈವರ್ ಕೂರಿಸಿದೆ, ಟೆಸ್ಟ್ ಪೇಜ್ ಬಂತು, ದುಡ್ಡು ತೆಗೆದುಕೊಂಡು ಬಂದೆ. ಮರುದಿನ ಬೆಳಗ್ಗೆ ಪ್ರಿಂಟರ್ ಆನ್ ಮಾಡಿದರೆ ಒಂದು ಹಾಳೆಯೂ ಬರಲಿಲ್ಲ. ಅದು ಆವಕದ ದಿನ. ರೈತರು ಪಟ್ಟಿಗಾಗಿ ಸಾಲು ನಿಂತಿದ್ದರು, ಮುನೀಮರು ಕೈಯಲ್ಲಿ ಬರೆದು ಬರೆದು ಸಾಕಾಗಿ ನನಗೆ ಫೋನ್ ಮಾಡಿದ್ದರು. ನಾನು ಆಗ ಸಂಡೂರಿನಲ್ಲಿದ್ದೆ. ಬರುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಆ ಮಾದರಿಯ ಪ್ರಿಂಟರ್ ಒಮ್ಮೆ ಆರಿಸಿ ಹಚ್ಚಿದರೆ ಡ್ರೈವರಿನ ಹಿನ್ನೆಲೆಯ ಸೇವೆಯನ್ನು ಮತ್ತೆ ಎಬ್ಬಿಸಬೇಕಿತ್ತು. ನಾನು ಅದನ್ನು ಪರೀಕ್ಷಿಸಿರಲಿಲ್ಲ. ಅವತ್ತಿನಿಂದ ನನ್ನ ನಿಯಮ: ಪ್ರಿಂಟರ್ ಆರಿಸು, ಸಿಸ್ಟಂ ಆರಿಸು, ಎರಡನ್ನೂ ಹಚ್ಚು, ಪ್ರಿಂಟ್ ತೆಗೆ. ಹೀಗೆ ಮೂರು ಸಲ. ಮೂರನೇ ಸಲ ಗಿರಾಕಿಯ ಕೈಯಿಂದಲೇ ಮಾಡಿಸು, ಅಲ್ಲಿಯವರೆಗೆ ದುಡ್ಡು ಮುಟ್ಟಬೇಡ.

ಪ್ರಿಂಟರ್ ಮಾದರಿ ನಂಬರನ್ನು ಮೊದಲ ಭೇಟಿಯಲ್ಲೇ ಫೋಟೊ ಹೊಡೆದುಕೊಳ್ಳಿ. ಎಚ್‌ಪಿಯದಾದರೆ ಎಚ್‌ಪಿಲಿಪ್ ಎಂಬ ಮುಕ್ತ ಡ್ರೈವರ್ ಸಂಗ್ರಹವಿದೆ. ಅದರಲ್ಲೂ ಕೆಲವು ಹಳೆ ಲೇಸರ್‌ಜೆಟ್‌ಗಳಿಗೆ ಬೇರೆ ಪ್ಲಗಿನ್ ಇಳಿಸಬೇಕು, ಆಗ ಇಂಟರ್ನೆಟ್ ಇರಲೇಬೇಕು. ವೈಫೈ ಇರುವ ಹೊಸ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಬಹಳಷ್ಟು ಡ್ರೈವರೇ ಇಲ್ಲದೆ ನಡೆಯುತ್ತವೆ. ಹಟ ಹಿಡಿಯುವ ಪ್ರಿಂಟರ್ ಕಂಡರೆ ಆ ಗಿರಾಕಿಯನ್ನು ಬಿಟ್ಟುಬಿಡಿ.

ಕನ್ನಡ ನಿಮಗೆ ದೊಡ್ಡ ಬಲ, ಅದೇ ದೊಡ್ಡ ಗುಂಡಿಯೂ ಹೌದು. ನುಡಿ ಕಲಿತವರ ಬೆರಳಿಗೆ ಹೊಂದುವ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನಲ್ಲಿ, ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹದೊಳಗೆ ಇದೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಫಾಂಟ್‌ಗಳು ಇವೆ. ವರ್ಡ್, ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಎರಡರ ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. ಹೊಸದಾಗಿ ಟೈಪ್ ಮಾಡುವವರಿಗೆ ಯಾವ ಕೊರತೆಯೂ ಇಲ್ಲ. ತೊಂದರೆ ಇರುವುದು ಹಳೆ ಕಡತಗಳಲ್ಲಿ. ನಮ್ಮ ವಕೀಲರು, ಬಾಂಡ್ ರೈಟರ್‌ಗಳ ಹತ್ತಿರ ಹತ್ತು ಹದಿನೈದು ವರ್ಷದ ಪತ್ರಗಳೆಲ್ಲ ಈಗ ಎಲ್ಲೆಡೆ ನಡೆಯುವ ಯುನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಸಿಸ್ಟಂನಲ್ಲಿ ತೆರೆದರೆ "ಕನ್ನಡ" ಎಂಬ ಮೂರಕ್ಷರ ಇರಬೇಕಾದ ಜಾಗದಲ್ಲಿ ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಒಬ್ಬ ಹಿರಿಯ ವಕೀಲರು ಅದನ್ನು ನೋಡಿ ಎದ್ದು ನಿಂತೇಬಿಟ್ಟರು. ಎಲ್ಲವೂ ಅಳಿಸಿಹೋಯಿತು ಎಂದುಕೊಂಡಿದ್ದರು. ಮೊದಲೇ ಕೂರಿಸಿ ತೋರಿಸಿ: ಕಡತ ಸುರಕ್ಷಿತ, ಓದುವುದಕ್ಕೆ ಅದೇ ಫಾಂಟ್ ಬೇಕು, ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ತಿರುಗಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಕಣ್ಣಾರೆ ಓದಿ ತಿದ್ದಬೇಕು. ಈ ತಿದ್ದುವ ಕೆಲಸವೇ ಒಂದು ಆದಾಯ. ಪುಟಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ. ಊರಲ್ಲಿ ಕನ್ನಡ ಟೈಪಿಂಗ್ ಬಲ್ಲ, ಮನೆಯಲ್ಲೇ ಕೂತು ದುಡಿಯಬೇಕೆನ್ನುವ ಒಬ್ಬ ಅಕ್ಕನಿಗೆ ಆ ಕೆಲಸ ಸಿಗುತ್ತದೆ.

ಇಂಗ್ಲಿಷ್ ಕಡತಗಳಿಗೂ ಒಂದು ಮಾತು. ಕ್ಯಾಲಿಬ್ರಿ ಫಾಂಟಿನ ಬದಲು ಕಾರ್ಲಿಟೋ ಹಾಕಿಟ್ಟರೆ ಅಕ್ಷರಗಳ ಅಗಲ ಅಷ್ಟೇ ಇರುವುದರಿಂದ ಪುಟಗಳು ಹೆಚ್ಚುಕಮ್ಮಿ ಆಗುವುದಿಲ್ಲ. ಲಿಬ್ರೆ ಆಫೀಸ್ ಸೇವ್ ಮಾಡುವ ರೂಪವನ್ನು ಮೊದಲೇ ವರ್ಡ್‌ನ ಡಾಕ್ಸ್ ಮತ್ತು ಎಕ್ಸೆಲ್ಲಿನದಕ್ಕೆ ಬದಲಿಸಿಡಿ. ಇಲ್ಲವಾದರೆ ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಕಡತ ಆ ಕಡೆಯವರಿಗೆ ತೆರೆಯದೇ ಹೋಗಬಹುದು, ಬೈಗುಳ ನಿಮಗೆ ಬರುತ್ತದೆ.

ಯಾವ ಲಿನಕ್ಸ್ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ತಲೆಯಲ್ಲಿ ನಾಲ್ಕೈದು ಹೆಸರು ಓಡುತ್ತಿರುತ್ತವೆ. ಒಂದನ್ನೇ ಹಿಡಿಯಿರಿ. ನಾನು ಹಿಡಿದದ್ದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್ 7 ಬಳಸಿದವರ ಕೈ ತಡವರಿಸುವುದಿಲ್ಲ. ಅದರ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇವೆ. ನಾಲ್ಕು ಜಿಬಿ ರ್ಯಾಮ್‌ನ ಹಳೆ ಯಂತ್ರಕ್ಕೆ ಅದರದೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಐವತ್ತು ಮನೆಯಲ್ಲಿ ಒಂದೇ ಬಗೆಯದಿದ್ದರೆ ಫೋನಿನಲ್ಲೇ "ಎಡಗಡೆ ಕೆಳಗೆ ಒತ್ರಿ" ಎಂದು ಹೇಳಬಹುದು. ಐದು ಬಗೆಯದಿದ್ದರೆ ಪ್ರತಿ ಸಲ ಬೈಕ್ ಹತ್ತಬೇಕು.

ಲಿನಕ್ಸ್ ಹಾಕಿದ ಮಾತ್ರಕ್ಕೆ ಹಳೆ ಹಾರ್ಡ್ ಡಿಸ್ಕಿನ ಸಿಸ್ಟಂ ವೇಗವಾಗಿ ಓಡುವುದಿಲ್ಲ. ಆ ಡಿಸ್ಕಿನ ಬದಲು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿದರೆ ಓಡುತ್ತದೆ. ಸಿಸ್ಟಂ ಸ್ಲೋ ಎಂದವರಿಗೆ ನೀವು ಕೊಡುವ ಮುಕ್ಕಾಲು ಪಾಲು ಪರಿಹಾರ ಆ ಪುಟ್ಟ ಡಬ್ಬಿಯಲ್ಲಿದೆ, ಅದನ್ನು ಗಿರಾಕಿಗೆ ಮುಚ್ಚಿಡಬೇಡಿ. ಈಗಿನ ಬ್ರೌಸರ್‌ಗಳು ರ್ಯಾಮ್ ತಿನ್ನುವ ರೀತಿಗೆ ಎಂಟು ಜಿಬಿ ಇದ್ದರೆ ಒಳ್ಳೆಯದು. ಬಾಕ್ಸ್ ಬಿಚ್ಚಿದಾಗ ಸಿಪಿಯು ಫ್ಯಾನ್ ನೋಡಿ. ಗಿರಣಿಯ ಹೊಟ್ಟಿನ ಧೂಳು, ರಸ್ತೆಯ ಕೆಂಪು ಮಣ್ಣು ಸೇರಿ ಕಂಬಳಿಯಂತೆ ಹತ್ತಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಕಂಬಳಿ ಹೊದ್ದ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ರಷ್ ಹಾಕಿ ಒರೆಸಿ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ತೆಗೆದು ಹೊಸದು ಹಚ್ಚಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅದನ್ನೂ ಬದಲಿಸಲು ಹೇಳಿ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಲಿನಕ್ಸ್ ಬಳಸುವ ಎಕ್ಸ್‌ಟಿ4 ಫೈಲ್ ವ್ಯವಸ್ಥೆ ತನ್ನನ್ನು ತಾನು ಸರಿಪಡಿಸಿಕೊಳ್ಳುವುದು ಬಹಳ, ಆದರೆ ಬರೆಯುತ್ತಿದ್ದ ಕಡತ ಹೋದರೆ ಹೋಯಿತು.

ಅಳಿಸುವ ಮುಂಚೆ ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಏನೂ ಹಾಕದೆ, ಬೂಟ್ ಮಾಡಿ ವೈಫೈ, ಧ್ವನಿ, ಕ್ಯಾಮೆರಾ ನೋಡಿ. ನೂರೈವತ್ತು ರೂಪಾಯಿಯ ವೈಫೈ ಡಾಂಗಲ್‌ಗಳು ಕೈಕೊಡುತ್ತವೆ. ಡೇಟಾವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಗಿರಾಕಿಯ ಎದುರು ಹತ್ತು ಕಡತ ತೆರೆದು ತೋರಿಸಿ, ಆಮೇಲೆ ಒರೆಸಿ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಬ್ರೌಸರಿನ ಪಾಸ್‌ವರ್ಡ್, ಮೊಮ್ಮಗಳ ನಾಮಕರಣದ ಫೋಟೊ ಎಂದು ಒಂದೊಂದಾಗಿ ಕೇಳಿ. ಸಾಧ್ಯವಾದರೆ ಹಳೆ ಡಿಸ್ಕನ್ನು ಒರೆಸದೆ ಕವರಿನಲ್ಲಿ ಹಾಕಿ ಅವರಿಗೇ ಕೊಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕಿ. ಬೇಡವೆನಿಸಿದರೆ ಹಿಂದಕ್ಕೆ ಹೋಗಲು ದಾರಿ ಇದೆ ಎಂದು ಗೊತ್ತಿದ್ದವರು ನಿಶ್ಚಿಂತೆಯಿಂದ ಕಲಿಯುತ್ತಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇರಬಹುದು, ಯಂತ್ರದ ಮೂಲ ಸೆಟ್ಟಿಂಗ್ ಆದ ಬಯೋಸ್ ಮುಟ್ಟುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎರಡೂ ಇರಲಿ ಎಂದು ಡ್ಯುಯಲ್ ಬೂಟ್ ಮಾಡಿದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಗಡಿಯಾರ ಐದೂವರೆ ತಾಸು ಹಿಂದೆ ಮುಂದೆ ಆಗುವುದನ್ನೂ ಸರಿಮಾಡಿ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ನಮ್ಮ ಸಮಯದಲ್ಲಿ. ಪಾಸ್‌ವರ್ಡ್ ಗಿರಾಕಿಯದೇ ಇರಲಿ, ಅವರ ಡೈರಿಯಲ್ಲಿ ಅವರ ಕೈಯಿಂದಲೇ ಬರೆಸಿ.

ಇನ್ನು ದರ. ನಾನು ಹಾಕಿಕೊಡುವುದು, ಡೇಟಾ ನಕಲು, ಒಂದು ತಾಸು ಕಲಿಸುವುದು ಸೇರಿ 1,000 ರೂಪಾಯಿ ತೆಗೆದುಕೊಳ್ಳುತ್ತೇನೆ, ಎಸ್‌ಎಸ್‌ಡಿ ದುಡ್ಡು ಬೇರೆ, ಅದರ ಅಸಲು ಬಿಲ್ ತೋರಿಸುತ್ತೇನೆ. ವರ್ಷಕ್ಕೆ 1,500 ಕೊಟ್ಟರೆ ಎಷ್ಟು ಸಲ ಫೋನ್ ಮಾಡಿದರೂ ಸರಿ, ನಾಲ್ಕು ಸಲ ಅಂಗಡಿಗೇ ಬರುತ್ತೇನೆ. ಮನೆ ನಡೆಸುವುದು ಈ ಎರಡನೇ ದುಡ್ಡು. ನೂರು ಮಂದಿ ವಾರ್ಷಿಕ ಗಿರಾಕಿಗಳಾದರೆ ಒಂದೂವರೆ ಲಕ್ಷ, ಅದಕ್ಕೆ ಹೊಸ ಕೆಲಸ, ಬಿಡಿಭಾಗದ ಲಾಭ ಸೇರಿಸಿ. ನೂರು ಮಂದಿ ಆಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮಾಮೂಲಿ ರಿಪೇರಿ, ಸಿಸಿ ಕ್ಯಾಮೆರಾ, ನೆಟ್‌ವರ್ಕ್ ಕೇಬಲ್ ಕೆಲಸ ಬಿಡಬೇಡಿ. ಬರೀ ಲಿನಕ್ಸ್ ನೆಚ್ಚಿಕೊಂಡರೆ ಮೊದಲ ವರ್ಷ ಮನೆಗೆ ಸಾಲುವುದಿಲ್ಲ, ಇದನ್ನು ನಿಮ್ಮ ತಂದೆ ತಾಯಿಗೂ ಬಿಡಿಸಿ ಹೇಳಿ.

ಸಾಲ ಬೇಡ. ಅಂಗಡಿಯೂ ಈಗ ಬೇಡ. ಅಪ್ಪನ ಅಂಗಡಿಯ ಒಂದು ಮೂಲೆಯ ಟೇಬಲ್ ಸಾಕು. ಕೈಯಲ್ಲಿರುವ ದುಡ್ಡಿನಲ್ಲೇ ಹತ್ತು ಎಸ್‌ಎಸ್‌ಡಿ, ನಾಲ್ಕು ರ್ಯಾಮ್, ಹೊರಗಿನ ಎರಡು ಟಿಬಿ ಡಿಸ್ಕ್, ಬ್ಲೋವರ್, ಮತ್ತೆ ಗಿರಾಕಿಯ ಯಂತ್ರ ನಿಮ್ಮಲ್ಲಿದ್ದಾಗ ಅವರಿಗೆ ಕೊಟ್ಟಿರಲು ಒಂದು ಬದಲಿ ಸಿಸ್ಟಂ ಆಗುತ್ತದೆ. ಆ ಬದಲಿ ಸಿಸ್ಟಂ ಲಿನಕ್ಸ್‌ನದೇ ಇರಲಿ. ಎರಡು ದಿನ ಬಳಸಿದವರು ಎಷ್ಟೋ ಸಲ "ಇದೇ ಇರಲಿ ಬಿಡ್ರಿ" ಎಂದಿದ್ದಾರೆ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಆನ್‌ಲೈನ್‌ನಲ್ಲಿ ನೀವೇ ಮಾಡಿಕೊಳ್ಳಿ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಎರಡನೇ ವರ್ಷ ಹಳೆ ಸಿಸ್ಟಂ ತಂದು ಸಜ್ಜು ಮಾಡಿ ಮಾರುವ ಯೋಚನೆ ಬಂದರೆ ಆಗ ಮುದ್ರಾ ಶಿಶು ಸಾಲ ನೋಡಿ, ಅದು 50 ಸಾವಿರದವರೆಗೆ.

ಕಾಲ ನೋಡಿ ಕೆಲಸ ಹಿಡಿಯಿರಿ. ತುಂಗಭದ್ರಾ ಎಡದಂಡೆಯ ನೀರು ನಂಬಿದ ನಿಮ್ಮೂರಿನ ಲೆಕ್ಕ ನನಗಿಂತ ನಿಮಗೆ ಗೊತ್ತು. ಭತ್ತದ ಕಟಾವಿನಲ್ಲಿ ದಲಾಲಿ, ಗಿರಣಿಯವರ ಯಂತ್ರ ಮುಟ್ಟಬೇಡಿ, ಮುಗಿದ ಮೇಲೆ ಹೋಗಿ. ಆಗ ಕೈಯಲ್ಲಿ ದುಡ್ಡೂ ಇರುತ್ತದೆ, ಕೇಳುವ ಪುರುಸೊತ್ತೂ ಇರುತ್ತದೆ. ಮಾರ್ಚ್‌ನಲ್ಲಿ ಲೆಕ್ಕದವರ ಕಡೆ ತಲೆ ಹಾಕಬೇಡಿ. ಶಾಲೆಗಳ ಲ್ಯಾಬ್‌ಗೆ ಬೇಸಿಗೆ ರಜೆ ಸರಿಯಾದ ಸಮಯ.

ಶಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ತಂತ್ರಾಂಶವೇ ನಡೆಯುತ್ತಿದೆ, ಅಲ್ಲಿನ ಕೈಟ್ ಸಂಸ್ಥೆ ಅದಕ್ಕೆಂದೇ ಉಬುಂಟು ಆಧಾರಿತ ವ್ಯವಸ್ಥೆ ಸಿದ್ಧಪಡಿಸಿ ಕೊಡುತ್ತದೆ. ಅದು ನಿಂತದ್ದು ಶಿಕ್ಷಕರಿಗೆ ತರಬೇತಿ ಕೊಟ್ಟದ್ದರಿಂದ, ಪಾಠವನ್ನೂ ಅದಕ್ಕೆ ತಕ್ಕಂತೆ ಬರೆದದ್ದರಿಂದ. ನೀವು ಲ್ಯಾಬಿನ ಇಪ್ಪತ್ತು ಯಂತ್ರಕ್ಕೆ ಲಿನಕ್ಸ್ ಹಾಕಿ ಬಂದು, ಮೇಡಂಗೆ ಏನೂ ಕಲಿಸದಿದ್ದರೆ ಜುಲೈ ಹೊತ್ತಿಗೆ ಲ್ಯಾಬಿಗೆ ಬೀಗ ಬಿದ್ದಿರುತ್ತದೆ. ಹಾಗಾಗಿ ಶಾಲೆಗೆ ಕೊಡುವ ಕೊಟೇಶನ್‌ನಲ್ಲಿ ಶಿಕ್ಷಕರಿಗೆ ಆರು ದಿನದ ಕಲಿಕೆಯನ್ನು ಬೇರೆ ಸಾಲಾಗಿ, ಬೇರೆ ದುಡ್ಡಾಗಿ ಬರೆಯಿರಿ. ಆಟವಾಡಿಸುತ್ತ ಕಲಿಸುವ ಜಿಕಾಂಪ್ರಿ, ಗಣಿತದ ಜಿಯೋಜೀಬ್ರಾ ತೋರಿಸಿ. ಸಣ್ಣ ಮಕ್ಕಳು ಜಿಕಾಂಪ್ರಿ ಬಿಟ್ಟು ಏಳುವುದಿಲ್ಲ.

ಮೊದಲ ಯಂತ್ರ ನಿಮ್ಮ ಅಪ್ಪನ ಅಂಗಡಿಯದೇ ಇರಲಿ. ಗೊಬ್ಬರದ ಪಿಒಎಸ್ ಮಷಿನ್ ಬೇರೆಯೇ ಇದ್ದರೆ ತೊಂದರೆಯಿಲ್ಲ. ಬೆರಳಚ್ಚಿನ ಸಾಧನವನ್ನು ಸಿಸ್ಟಂಗೇ ಸಿಕ್ಕಿಸಿ ಮಾರಾಟ ಮಾಡುತ್ತಿದ್ದರೆ ಆ ಸಿಸ್ಟಂ ಬಿಟ್ಟು ಮನೆಯದನ್ನು ಹಿಡಿಯಿರಿ. ಹಾಕಿದ ಮೇಲೆ ಒಂದು ನೋಟ್‌ಬುಕ್ ಇಟ್ಟು, ಅಪ್ಪ ಎಷ್ಟು ಸಲ ನಿಮ್ಮನ್ನು ಕೂಗಿದರು, ಯಾತಕ್ಕೆ ಕೂಗಿದರು ಎಂದು ದಿನಾ ಬರೆಯಿರಿ. ಮೊದಲ ವಾರ ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಆ ಪಟ್ಟಿಯನ್ನೇ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ, ಲ್ಯಾಮಿನೇಟ್ ಮಾಡಿಸಿ ಮಾನಿಟರಿನ ಪಕ್ಕ ಅಂಟಿಸಿ. ಕೂಗು ವಾರಕ್ಕೆ ಒಂದಕ್ಕೆ ಇಳಿದ ದಿನ ಆ ಹಾಳೆಯ ಹತ್ತು ಪ್ರತಿ ತೆಗೆಸಿಕೊಂಡು ಪಕ್ಕದ ಅಂಗಡಿಗೆ ಹೋಗಿ.